ಅರಳುಮರಳೆಂದು ಕೈತೊಳೆದುಕೊಳ್ಳುವವರಿಗೆ

‘ಅರುವತ್ತಕ್ಕೆ ಅರಳುಮರಳು’ ಎಂಬ ಗಾದೆಯನ್ನು ನಮ್ಮ ಕಡೆ ಯಾರೂ ಯಾರಿಗೂ ಕಲಿಸಬೇಕಾಗಿಲ್ಲ. ಅಜ್ಜ ಕೇಳಿದ್ದನ್ನೇ ಐದನೆಯ ಬಾರಿ ಕೇಳಿದರೆ ಅರಳುಮರಳು. ಅಜ್ಜಿ ಒಲೆಯ ಮೇಲೆ ಹಾಲಿಟ್ಟು ಮರೆತರೆ ಅರಳುಮರಳು. ನಿತ್ಯ ನಡೆದ ತೋಟದ ದಾರಿ ದೊಡ್ಡಪ್ಪನಿಗೆ ಒಂದು ಸಂಜೆ ತಪ್ಪಿಹೋದರೆ ಅದೂ ಅರಳುಮರಳೇ. ಮಲಯಾಳ ಆಡುವ ನಮ್ಮ ನೆರೆಯವರಲ್ಲಿ ಇದಕ್ಕೆ ಜೋಡಿಯಾದ ಮಾತು ‘ಅತ್ತುಂ ಪಿತ್ತುಂ’. ಮುದುಕರು ಅತ್ತುಂ ಪಿತ್ತುಂ ಹೇಳುತ್ತಾರೆ ಎಂದು ಅವರು ನಕ್ಕು ಸುಮ್ಮನಾಗುತ್ತಾರೆ. ಗಡಿಯ ಎರಡು ಭಾಷೆಗಳು ಬೇರೆ ಯಾವುದರಲ್ಲಿ ಜಗಳವಾಡಿದರೂ ಈ ಒಂದು ವಿಷಯದಲ್ಲಿ ಒಮ್ಮತಕ್ಕೆ ಬಂದಿವೆ. ವಯಸ್ಸಾದ ಮೇಲೆ ಬುದ್ಧಿ ಕೆಡುವುದು ಸಹಜ, ಅದಕ್ಕೆ ಮಾಡುವುದೇನೂ ಇಲ್ಲ ಎಂಬುದೇ ಆ ಒಮ್ಮತ.

ಈ ಒಮ್ಮತ ಸುಳ್ಳು. ಸುಳ್ಳು ಮಾತ್ರವಲ್ಲ, ಕ್ರೂರವೂ ಹೌದು. ಇದನ್ನು ತೋರಿಸುವುದಕ್ಕಾಗಿಯೇ ಈ ಲೇಖನ.

ಮೊದಲು ಗಾದೆಯ ಲೆಕ್ಕವನ್ನೇ ನೋಡೋಣ. ಭಾರತದಲ್ಲಿ 2023ರಲ್ಲಿ ಪ್ರಕಟವಾದ ರಾಷ್ಟ್ರಮಟ್ಟದ ಅಧ್ಯಯನವೊಂದರ ಪ್ರಕಾರ ಅರುವತ್ತು ದಾಟಿದವರಲ್ಲಿ ಡಿಮೆನ್ಶಿಯಾ ಇರುವವರು ನೂರಕ್ಕೆ 7.4. ದೇಶದಲ್ಲಿ ಅಂಥವರು ಸುಮಾರು 88 ಲಕ್ಷ ಮಂದಿ. ಸಂಖ್ಯೆ ದೊಡ್ಡದೇ. ಆದರೆ ಅದರ ಮಗ್ಗುಲನ್ನು ತಿರುಗಿಸಿ ನೋಡಿದರೆ, ಅರುವತ್ತು ದಾಟಿದ ನೂರು ಮಂದಿಯಲ್ಲಿ ತೊಂಬತ್ತೆರಡು ಮಂದಿಗೆ ಈ ಕಾಯಿಲೆ ಇಲ್ಲ. ಹಳೆಯ ದಕ್ಷಿಣ ಕನ್ನಡ ಜಿಲ್ಲೆಯ ಶಿವರಾಮ ಕಾರಂತರು ತೊಂಬತ್ತು ದಾಟಿದ ಮೇಲೂ ಬರೆಯುತ್ತಿದ್ದರು. ಅರುವತ್ತಕ್ಕೆ ಮರಳುವುದೇ ಪ್ರಕೃತಿ ನಿಯಮವಾಗಿದ್ದರೆ ಈ ತೊಂಬತ್ತೆರಡು ಮಂದಿ ನಿಯಮಭಂಗ ಮಾಡಿದವರಾಗಬೇಕು!

ಗಾದೆ ಇನ್ನೊಂದು ತುದಿಯಿಂದಲೂ ಮುರಿಯುತ್ತದೆ. ಜರ್ಮನಿಯ ಫ್ರಾಂಕ್‌ಫರ್ಟಿನ ಆಸ್ಪತ್ರೆಯೊಂದಕ್ಕೆ 1901ರಲ್ಲಿ ಒಬ್ಬ ಹೆಂಗಸನ್ನು ಕರೆತಂದರು. ಹೆಸರು ಆಗಸ್ಟೆ ಡೀಟರ್. ಆಕೆಯನ್ನು ನೋಡಿ, ಕೇಳಿದ ಪ್ರಶ್ನೆಗಳನ್ನೂ ಸಿಕ್ಕಿದ ಉತ್ತರಗಳನ್ನೂ ಬರೆದಿಟ್ಟುಕೊಂಡ ವೈದ್ಯ ಅಲೋಯ್ಸ್ ಆಲ್ಜೈಮರ್. ಆಕೆ 1906ರಲ್ಲಿ ತೀರಿಕೊಂಡ ಮೇಲೆ ಮಿದುಳನ್ನು ಸೂಕ್ಷ್ಮದರ್ಶಕದಲ್ಲಿ ಪರೀಕ್ಷಿಸಿ, ಅಲ್ಲಿ ಕಂಡ ಗಂಟುಗಳನ್ನೂ ಕಲೆಗಳನ್ನೂ ಅದೇ ವರ್ಷ ವೈದ್ಯರ ಸಭೆಯೊಂದರಲ್ಲಿ ವಿವರಿಸಿದ. 1910ರಲ್ಲಿ ಕಾಯಿಲೆಗೆ ಅವನ ಹೆಸರೇ ಬಂತು. ಆಸ್ಪತ್ರೆಗೆ ಬಂದಾಗ ಆಗಸ್ಟೆ ಡೀಟರಿಗೆ ವಯಸ್ಸು 51. ಅರುವತ್ತಾಗಲು ಇನ್ನೂ ಒಂಬತ್ತು ವರ್ಷವಿತ್ತು. ಈ ಕಾಯಿಲೆಯ ಇತಿಹಾಸದ ಮೊದಲ ಪುಟದಲ್ಲಿರುವ ರೋಗಿಯೇ ನಮ್ಮ ಗಾದೆಯೊಳಗೆ ಹಿಡಿಸುವುದಿಲ್ಲ.

ಗಾದೆ ಹೋಯಿತು. ಇನ್ನು ಹೆಸರಿನ ವಿಷಯ. ಕನ್ನಡದ ಪತ್ರಿಕೆಗಳು ಇದನ್ನು ‘ಮರೆಗುಳಿ ರೋಗ’ ಎನ್ನುತ್ತವೆ, ಮಲಯಾಳದವು ‘ಮರವಿರೋಗಂ’ ಎನ್ನುತ್ತವೆ. ಎರಡೂ ಅರ್ಧ ಸತ್ಯ. ಮರೆವು ಈ ಕಾಯಿಲೆಯ ಹೆಬ್ಬಾಗಿಲು ಮಾತ್ರ. ಒಳಗೆ ಲೆಕ್ಕ ಕೆಡುತ್ತದೆ, ದಾರಿ ತಪ್ಪುತ್ತದೆ, ಮಾತು ಸೋಲುತ್ತದೆ, ಸ್ವಭಾವ ಬದಲಾಗುತ್ತದೆ, ಉಡುವುದು ಉಣ್ಣುವುದು ಮರೆಯುತ್ತದೆ, ಕೊನೆಗೆ ನುಂಗುವುದೂ ಮರೆಯುತ್ತದೆ. ‘ಮರೆವು’ ಎಂಬ ಸೌಮ್ಯವಾದ ಮಾತಿನೊಳಗೆ ಇಷ್ಟನ್ನೂ ಮುಚ್ಚಿಟ್ಟರೆ ಮನೆಯವರು ಎರಡನೆಯ ಮೂರನೆಯ ವರ್ಷದಲ್ಲಿ ಬೆಚ್ಚಿಬೀಳುತ್ತಾರೆ. ಆದ್ದರಿಂದ ನಾನಿಲ್ಲಿ ಡಿಮೆನ್ಶಿಯಾ ಎಂಬ ಪದವನ್ನೇ ಬಳಸುತ್ತೇನೆ. ಕ್ಯಾನ್ಸರ್ ಎನ್ನಲು ಕಲಿತ ಬಾಯಿಗೆ ಇದೇನೂ ಕಷ್ಟವಲ್ಲ.

ಡಿಮೆನ್ಶಿಯಾ ಎಂಬುದು ಒಂದು ಕಾಯಿಲೆಯ ಹೆಸರಲ್ಲ, ಹಲವು ಕಾಯಿಲೆಗಳಿಂದ ಬರುವ ಒಂದು ಅವಸ್ಥೆಯ ಹೆಸರು. ಅದರಲ್ಲಿ ನೂರಕ್ಕೆ ಅರುವತ್ತರಿಂದ ಎಪ್ಪತ್ತು ಪಾಲು ಆಲ್ಜೈಮರ್ ಕಾಯಿಲೆಯದ್ದು. ಅದು ನಿಧಾನವಾಗಿ, ಏಣಿಯಿಲ್ಲದ ಇಳಿಜಾರಿನಂತೆ ಇಳಿಯುತ್ತದೆ. ರಕ್ತನಾಳಗಳ ತೊಂದರೆಯಿಂದ ಬರುವ ಡಿಮೆನ್ಶಿಯಾ ಹಲವು ಸಲ ಮೆಟ್ಟಿಲು ಮೆಟ್ಟಿಲಾಗಿ ಇಳಿಯುತ್ತದೆ. ಒಂದು ಸಣ್ಣ ಪಾರ್ಶ್ವವಾಯುವಿನ ಹೊಡೆತ, ಒಂದು ಮೆಟ್ಟಿಲು ಕೆಳಗೆ. ಕೆಲವು ತಿಂಗಳು ಹಾಗೆಯೇ. ಮತ್ತೆ ಇನ್ನೊಂದು ಮೆಟ್ಟಿಲು. ಲೂಯಿ ಬಾಡಿ ಎಂಬ ಬಗೆಯಲ್ಲಿ ಇಲ್ಲದವರು ಕಣ್ಣಿಗೆ ಕಾಣುತ್ತಾರೆ, ಒಂದು ದಿನ ಚೆನ್ನಾಗಿದ್ದವರು ಮರುದಿನ ಕಂಗೆಡುತ್ತಾರೆ. ಮಿದುಳಿನ ಮುಂಭಾಗದಿಂದ ಆರಂಭವಾಗುವ ಬಗೆಯಲ್ಲಿ ನೆನಪಿಗಿಂತ ಮೊದಲು ನಡತೆ ಕೆಡುತ್ತದೆ. ಇವೆಲ್ಲದಕ್ಕೂ ಒಂದೇ ಮುದ್ರೆ ಒತ್ತುವ ನಮ್ಮ ಅರಳುಮರಳು ಎಂಬ ಶಬ್ದ ಎಂಥ ಸೋಮಾರಿ ಶಬ್ದ!

ಆ ಸೋಮಾರಿತನದ ಬೆಲೆ ಏನೆಂದು ಹೇಳುತ್ತೇನೆ. ಡಿಮೆನ್ಶಿಯಾದಂತೆಯೇ ಕಾಣಿಸಿ, ಡಿಮೆನ್ಶಿಯಾ ಆಗಿರದ ಅವಸ್ಥೆಗಳಿವೆ. ಥೈರಾಯ್ಡಿನ ಕೊರತೆ, ಬಿ-12 ವಿಟಮಿನ್ನಿನ ಕೊರತೆ, ಖಿನ್ನತೆ, ಬಿದ್ದು ತಲೆಯೊಳಗೆ ನಿಧಾನವಾಗಿ ಕಟ್ಟಿಕೊಂಡ ರಕ್ತ, ಹೊಂದಿಕೆಯಾಗದ ಮಾತ್ರೆಗಳು—ಇವುಗಳಿಂದಲೂ ಮುದುಕರ ಬುದ್ಧಿ ಮಂಕಾಗುತ್ತದೆ. ಇವುಗಳಲ್ಲಿ ಹಲವನ್ನು ಸಕಾಲದಲ್ಲಿ ಗುರುತಿಸಿದರೆ ಗುಣಪಡಿಸಬಹುದು, ಇಲ್ಲವೇ ಬಹುಮಟ್ಟಿಗೆ ಸುಧಾರಿಸಬಹುದು. ಒಂದು ರಕ್ತಪರೀಕ್ಷೆಯಿಂದ ತಿಳಿಯಬಹುದಾಗಿದ್ದ ಕೊರತೆಯನ್ನು ಗಾದೆಯೊಂದರ ಕೈಗೊಪ್ಪಿಸಿ ಹೆತ್ತವರನ್ನು ಚಾವಡಿಯ ಮೂಲೆಗೆ ಸರಿಸಿದ ಮನೆಗಳು ನಮ್ಮಲ್ಲಿ ಎಷ್ಟಿವೆಯೋ!

ಇನ್ನು ಆಲ್ಜೈಮರ್ ಇಳಿಯುವ ಕ್ರಮವನ್ನೇ ನೋಡೋಣ. ನನ್ನ ಮುಖ್ಯ ಆರೋಪ ನಿಂತಿರುವುದು ಅದರ ಮೇಲೆ. ಮಿದುಳಿನಲ್ಲಿ ಅಮಿಲಾಯ್ಡ್ ಎಂಬ ಪ್ರೋಟೀನಿನ ಕಲೆಗಳು ಕಟ್ಟಿಕೊಳ್ಳುವುದು ಲಕ್ಷಣಗಳು ಹೊರಗೆ ಕಾಣುವ ಹದಿನೈದು ಇಪ್ಪತ್ತು ವರ್ಷಗಳ ಮೊದಲೇ. ಟೌ ಎಂಬ ಇನ್ನೊಂದು ಪ್ರೋಟೀನಿನ ಗಂಟುಗಳು, ಹೊಸ ನೆನಪುಗಳು ಮೂಡುವ ಹಿಪ್ಪೊಕ್ಯಾಂಪಸ್ ಎಂಬ ಭಾಗಕ್ಕೂ ಅದರ ನೆರೆಗೂ ಬೇಗನೆ ಮುತ್ತಿಗೆ ಹಾಕುತ್ತವೆ. ಆದ್ದರಿಂದಲೇ ಬೆಳಗ್ಗೆ ತಿಂದದ್ದು ಮರೆಯುತ್ತದೆ, ಐವತ್ತು ವರ್ಷದ ಹಿಂದಿನ ಮದುವೆಯ ಊಟ ಮರೆಯುವುದಿಲ್ಲ. ಹೊಸ ನೆನಪು ಮೊದಲು ಹೋಗುತ್ತದೆ, ಹಳೆಯದು ಆಮೇಲೆ ಹೋಗುತ್ತದೆ ಎಂಬುದನ್ನು ಫ್ರಾನ್ಸಿನ ರಿಬೊ 1881ರಷ್ಟು ಹಿಂದೆಯೇ ಬರೆದ. ಮಧ್ಯಾಹ್ನದ ಊಟವಾಯಿತೆಂಬುದು ನೆನಪಿಲ್ಲದವರು ಯಕ್ಷಗಾನ ಪ್ರಸಂಗದ ಪದಗಳನ್ನು ತಡವರಿಸದೆ ಹೇಳಬಲ್ಲರು. ‘ಅದು ನೆನಪಿದೆಯಲ್ಲ, ಇದು ಮಾತ್ರ ಹೇಗೆ ಮರೆಯುತ್ತದೆ? ಎಲ್ಲ ನಾಟಕ’ ಎಂದು ಮನೆಯವರು ಸಿಡಿಮಿಡಿಗೊಳ್ಳುತ್ತಾರೆ. ನಾಟಕವಲ್ಲ ಸ್ವಾಮಿ, ಕಾಯಿಲೆ ನಡೆಯುವ ದಾರಿಯೇ ಅದು.

ಈ ದಾರಿಯನ್ನು ವೈದ್ಯರು ಸ್ಥೂಲವಾಗಿ ಮೂರು ಹಂತ ಮಾಡುತ್ತಾರೆ. ರೋಗ ಗುರುತಿಸಿದ ಮೇಲೆ ಸರಾಸರಿ ನಾಲ್ಕರಿಂದ ಎಂಟು ವರ್ಷ ಬದುಕುವವರೇ ಹೆಚ್ಚು. ಇಪ್ಪತ್ತು ವರ್ಷ ಬದುಕಿದವರೂ ಇದ್ದಾರೆ. ಮೂರು ಹಂತಗಳೂ ಒಂದೇ ಅಲ್ಲ. ಮೂರರಲ್ಲೂ ನಾವು ಮಾಡಬೇಕಾದ ಕೆಲಸವೂ ಒಂದೇ ಅಲ್ಲ. ನನ್ನ ಆರೋಪ ಇಷ್ಟೇ: ನಮ್ಮ ಸಮಾಜ ಮೊದಲ ಹಂತವನ್ನು ಪೂರ್ತಿಯಾಗಿ ಪೋಲು ಮಾಡುತ್ತದೆ. ಗಡಿನಾಡಿನ ನಾವು ಅದನ್ನು ಎರಡು ಸಲ ಪೋಲು ಮಾಡುತ್ತೇವೆ.

ಮೊದಲ ಹಂತವೆಂದರೆ ರೋಗಿ ಇನ್ನೂ ತನ್ನ ಬಾಯಿಂದ ತಾನೇ ಮಾತಾಡಬಲ್ಲ ಕಾಲ. ತಾರೀಕು ತಪ್ಪುತ್ತದೆ, ಹೆಸರು ನಾಲಗೆಯ ತುದಿಗೆ ಬಂದು ನಿಲ್ಲುತ್ತದೆ, ಅಡಿಕೆ ಮಾರಿದ ಹಣದ ಲೆಕ್ಕ ಕೂಡುವುದಿಲ್ಲ. ಆದರೂ ತನಗೆ ಏನೋ ಆಗುತ್ತಿದೆ ಎಂಬುದು ಬಹಳ ಮಂದಿಗೆ ಗೊತ್ತಿರುತ್ತದೆ. ಕೊನೆಗಾಲದಲ್ಲಿ ತನ್ನನ್ನು ಯಾರು ನೋಡಿಕೊಳ್ಳಬೇಕು, ತೋಟ ಯಾರಿಗೆ, ಆಸ್ಪತ್ರೆಯ ಕೊಳವೆಗಳು ಬೇಕೋ ಬೇಡವೋ ಎಂದು ಅವರನ್ನೇ ಕೇಳಬಹುದಾದ ಕಾಲ ಅದು. 2017ರ ಮಾನಸಿಕ ಆರೋಗ್ಯ ರಕ್ಷಣಾ ಕಾಯಿದೆ ಪ್ರಾಪ್ತವಯಸ್ಕರಿಗೆ ತಮ್ಮ ಮುಂದಿನ ಮಾನಸಿಕ ಚಿಕಿತ್ಸೆಯ ಬಗ್ಗೆ ಮೊದಲೇ ಬರೆದಿಡುವ ಹಕ್ಕನ್ನೂ, ತಮ್ಮ ಪರವಾಗಿ ಮಾತಾಡುವ ಪ್ರತಿನಿಧಿಯನ್ನು ಗೊತ್ತುಮಾಡುವ ಹಕ್ಕನ್ನೂ ಕೊಟ್ಟಿದೆ. ಈ ಹಕ್ಕು ಉಪಯೋಗಕ್ಕೆ ಬರುವುದು ಬುದ್ಧಿ ಇನ್ನೂ ಕೈಯಲ್ಲಿರುವ ಈ ಮೊದಲ ಹಂತದಲ್ಲಿ. ಅರಳುಮರಳು ಎಂದು ನಗುವ ಮನೆಯಲ್ಲಿ ಆ ಎರಡು ಮೂರು ವರ್ಷ ನಗುವಿನಲ್ಲೇ ಕಳೆಯುತ್ತದೆ.

ಇಲ್ಲಿ ಒಂದು ಕಹಿ ಮಾತನ್ನು ಹೇಳಲೇಬೇಕು. ವೈದ್ಯರ ಬಳಿಗೆ ಕರೆದುಕೊಂಡು ಹೋಗಿ ಎಂದರೆ ‘ವಯಸ್ಸಾಯಿತಲ್ಲ, ಬುದ್ಧಿ ಸ್ಥಿಮಿತದಲ್ಲಿಲ್ಲ, ಏನು ಪ್ರಯೋಜನ’ ಎನ್ನುವ ಅದೇ ಮಕ್ಕಳು, ಸಬ್‌ರಿಜಿಸ್ಟ್ರಾರರ ಮುಂದೆ ಕೂರಿಸಿದಾಗ ‘ಅಪ್ಪನ ಬುದ್ಧಿ ನೆಟ್ಟಗಿದೆ’ ಎಂದು ಹೆಬ್ಬೆಟ್ಟು ಒತ್ತಿಸುವುದುಂಟು. ಕರಾರು ಮಾಡುವವನು ತಾನು ಮಾಡುತ್ತಿರುವುದನ್ನು ಅರಿತು ತನ್ನ ಹಿತವನ್ನು ತೂಗಿ ನೋಡಬಲ್ಲವನಾಗಿರಬೇಕೆಂದು 1872ರ ಕರಾರು ಕಾಯಿದೆ ಹೇಳುತ್ತದೆ. ನಮ್ಮ ಅರಳುಮರಳು ಮಾತ್ರ ಬೇಕಾದಾಗ ಬರುತ್ತದೆ, ಬೇಡವಾದಾಗ ಹೋಗುತ್ತದೆ. ಖರ್ಚಿನ ಹೊತ್ತಿಗೆ ಬರುತ್ತದೆ, ಆಸ್ತಿಯ ಹೊತ್ತಿಗೆ ಹೋಗುತ್ತದೆ.

ಇದು ಎಲ್ಲ ಕಡೆಯ ಕಥೆ. ಗಡಿನಾಡಿನದ್ದು ಇದರ ಮೇಲೆ ಇನ್ನೊಂದು. ಡಿಮೆನ್ಶಿಯಾವನ್ನು ಗುರುತಿಸುವ ಮೊದಲ ಹೆಜ್ಜೆ ರಕ್ತಪರೀಕ್ಷೆಯೂ ಅಲ್ಲ, ಸ್ಕ್ಯಾನೂ ಅಲ್ಲ, ಮಾತು. ವೈದ್ಯರು ಕೂರಿಸಿ ಪ್ರಶ್ನೆ ಕೇಳುತ್ತಾರೆ, ಉತ್ತರಕ್ಕೆ ಅಂಕ ಕೊಡುತ್ತಾರೆ. ಜಗತ್ತಿನಲ್ಲಿ ಬಹಳ ಬಳಕೆಯಾದ ಇಂಥ ಪರೀಕ್ಷೆಯೊಂದು ಅಮೆರಿಕದಲ್ಲಿ 1975ರಲ್ಲಿ ತಯಾರಾಯಿತು. ಅದಕ್ಕೆ ಒಟ್ಟು 30 ಅಂಕ. ಈ ದಿನ ಯಾವ ವಾರ, ಈ ಊರು ಯಾವುದು, ಮೂರು ವಸ್ತುಗಳ ಹೆಸರನ್ನು ನೆನಪಿಟ್ಟು ಹೇಳಿ, ನೂರರಿಂದ ಏಳೇಳು ಕಳೆಯುತ್ತ ಬನ್ನಿ, ನಾನು ಹೇಳಿದ ವಾಕ್ಯವನ್ನು ಹಾಗೆಯೇ ಹೇಳಿ, ಒಂದು ವಾಕ್ಯ ಬರೆಯಿರಿ, ಈ ಚಿತ್ರವನ್ನು ನೋಡಿ ಬಿಡಿಸಿ—ಹೀಗೆ ಸಾಗುತ್ತದೆ. ಈಗ ಮಂಜೇಶ್ವರದ ಕಡೆಯ, ಮನೆಯಲ್ಲಿ ತುಳುವನ್ನೋ ಹವ್ಯಕ ಕನ್ನಡವನ್ನೋ ಆಡಿ, ಶಾಲೆಯಲ್ಲಿ ನಾಲ್ಕು ವರ್ಷ ಕನ್ನಡ ಓದಿ, ಮಲಯಾಳವನ್ನು ಬಸ್ಸಿನಲ್ಲಿ ಪೇಟೆಯಲ್ಲಿ ಕಲಿತ ಎಂಬತ್ತೈದರ ಅಜ್ಜಿಯನ್ನು ಈ ಪರೀಕ್ಷೆಯ ಮುಂದೆ ಮಲಯಾಳದಲ್ಲಿ ಕೂರಿಸಿ. ಆಕೆ ಕಳೆದುಕೊಳ್ಳುವ ಅಂಕಗಳಲ್ಲಿ ಎಷ್ಟು ಕಾಯಿಲೆಯ ಲೆಕ್ಕಕ್ಕೆ, ಎಷ್ಟು ಭಾಷೆಯ ಲೆಕ್ಕಕ್ಕೆ? ಇದು ಎರಡು ಬಗೆಯ ಅನ್ಯಾಯ. ಕಾಯಿಲೆ ಇಲ್ಲದವರಿಗೆ ಇದೆ ಎಂಬ ಮುದ್ರೆ ಬೀಳಬಹುದು. ಇದ್ದವರಿಗೆ ‘ಭಾಷೆ ಗೊತ್ತಾಗಲಿಲ್ಲ, ಅಷ್ಟೆ’ ಎಂಬ ಸಮಾಧಾನ ಸಿಕ್ಕಿ ಮೊದಲ ಹಂತ ಕೈಜಾರಬಹುದು.

ಆ ಪಟ್ಟಿಯಲ್ಲಿ ಇನ್ನೊಂದು ಪ್ರಶ್ನೆಯಿದೆ. ‘ನಾವಿರುವ ರಾಜ್ಯ ಯಾವುದು?’ ನೇರ ಉತ್ತರಕ್ಕೆ ಒಂದು ಅಂಕ. ಅಮೆರಿಕದ ವೈದ್ಯನಿಗೆ ಇದಕ್ಕಿಂತ ಸುಲಭದ ಪ್ರಶ್ನೆ ಇರಲಾರದು. ಆದರೆ 1938ರಲ್ಲಿ ನಮ್ಮ ಕಾಸರಗೋಡು ತಾಲೂಕಿನಲ್ಲಿ ಹುಟ್ಟಿದವರು ಹುಟ್ಟಿದ್ದು ಮದ್ರಾಸು ಪ್ರಾಂತದ ದಕ್ಷಿಣ ಕನ್ನಡ ಜಿಲ್ಲೆಯಲ್ಲಿ. 1956ರ ನವೆಂಬರ್ 1ರಂದು, ಅವರಿಗೆ ಹದಿನೆಂಟಾದಾಗ, ಮನೆ ಇದ್ದಲ್ಲೇ ಇದ್ದು ರಾಜ್ಯ ಬದಲಾಯಿತು. ಕಾಸರಗೋಡು ಪ್ರತ್ಯೇಕ ಜಿಲ್ಲೆಯಾದದ್ದು 1984ರಲ್ಲಿ, ಮಂಜೇಶ್ವರ ತಾಲೂಕಾದದ್ದು 2014ರಲ್ಲಿ. ಹೊಸತು ಮೊದಲು ಅಳಿಯುವ ಕಾಯಿಲೆಯಲ್ಲಿ ಈ ಪದರಗಳು ಒಂದೊಂದಾಗಿ ಕಳಚಿಹೋಗಿ ಅಜ್ಜ ‘ಮದ್ರಾಸು’ ಎಂದರೆ, ಅದು ಬುದ್ಧಿ ಇಲ್ಲದ ಮಾತಲ್ಲ, ಅವರ ಎಳವೆಯ ವಿಳಾಸ. ಕೇಳುವವರಿಗೆ ಈ ನೆಲದ ಚರಿತ್ರೆ ಗೊತ್ತಿದ್ದರೆ ಆ ಒಂದು ಉತ್ತರದಿಂದಲೇ ಕಾಯಿಲೆ ಎಷ್ಟು ಹಿಂದಕ್ಕೆ ನಡೆದಿದೆ ಎಂದು ಅಂದಾಜು ಮಾಡಬಹುದು. ಗೊತ್ತಿಲ್ಲದಿದ್ದರೆ ಒಂದು ಸೊನ್ನೆ ಬರೆದು ಮುಂದಿನ ಪ್ರಶ್ನೆಗೆ ಹೋಗುತ್ತಾರೆ.

ಇದನ್ನು ಓದಿ ನಮ್ಮವರಲ್ಲೇ ಕೆಲವರು ‘ನೋಡಿ, ಬುದ್ಧಿ ಹೋದ ಮೇಲೂ ನಮ್ಮ ಹಿರಿಯರಿಗೆ ಕನ್ನಡ ಜಿಲ್ಲೆಯೇ ನೆನಪು’ ಎಂದು ಭಾಷಣದಲ್ಲಿ ಸೇರಿಸಲು ಹೊರಡಬಹುದು. ದಯವಿಟ್ಟು ಬೇಡ. ರೋಗಿಯ ತಡವರಿಕೆಯನ್ನು ಗಡಿವಿವಾದದ ಸಾಕ್ಷಿಯಾಗಿ ನಿಲ್ಲಿಸುವುದು ಅಸಹ್ಯ. ಮಹಾಜನ ಆಯೋಗದ ವರದಿಯ ಬಗ್ಗೆ ವಾದಿಸುವವರು ಆರೋಗ್ಯವಂತರ ಬಲದ ಮೇಲೆ ವಾದಿಸಲಿ. ಮಲಗಿದವರಿಗೆ ಬೇಕಾಗಿರುವುದು ಘೋಷಣೆಯಲ್ಲ, ತನ್ನ ಮಾತು ತಿಳಿಯುವ ಒಬ್ಬ ಮನುಷ್ಯ.

‘ಕನ್ನಡದಲ್ಲಿ ಅಂಥ ಪರೀಕ್ಷೆಗಳೇ ಇಲ್ಲವಲ್ಲ’ ಎಂದು ನುಣುಚಿಕೊಳ್ಳುವಂತೆಯೂ ಇಲ್ಲ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ನೇತೃತ್ವದಲ್ಲಿ ತಯಾರಾಗಿ 2020ರಲ್ಲಿ ಪ್ರಕಟವಾದ ಪರೀಕ್ಷಾಮಾಲೆ ಐದು ಭಾರತೀಯ ಭಾಷೆಗಳಲ್ಲಿ ಸಿದ್ಧವಾಯಿತು: ಹಿಂದಿ, ಬಂಗಾಳಿ, ತೆಲುಗು, ಕನ್ನಡ ಮತ್ತು ಮಲಯಾಳ. ಗಮನಿಸಿ, ಐದರಲ್ಲಿ ಎರಡು ಈ ವಾರ್ಷಿಕದ ಎರಡು ಭಾಷೆಗಳೇ. ಓದುಬರಹ ಇಲ್ಲದವರನ್ನೂ ಲೆಕ್ಕಕ್ಕೆ ತೆಗೆದುಕೊಂಡು ಮಾಡಿದ ಕೆಲಸವದು. ಅಂದರೆ ಉಪಕರಣ ಇದೆ. ರೋಗಿ ಕುಳಿತ ಮೇಲೆ ‘ನಿಮ್ಮ ಮನೆಮಾತು ಯಾವುದು?’ ಎಂಬ ಮೊದಲ ಪ್ರಶ್ನೆ ಕೇಳುವ ಅಭ್ಯಾಸ ಇಲ್ಲ.

ಭಾಷೆಯ ವಿಷಯದಲ್ಲಿ ಅತಿಯಾಗಿ ಹೇಳಬಾರದು. ಡಿಮೆನ್ಶಿಯಾ ಬಂದ ದ್ವಿಭಾಷಿಗಳಲ್ಲಿ ಆಮೇಲೆ ಕಲಿತ ಭಾಷೆ ಮೊದಲು ಸೋಲುವುದನ್ನು ಕಂಡ ಅಧ್ಯಯನಗಳಿವೆ. ಎರಡೂ ಭಾಷೆಗಳು ಜೊತೆಯಾಗಿ ಕುಂದುವುದನ್ನು ಕಂಡವೂ ಇವೆ. ಯಾರೊಡನೆ ಯಾವ ಭಾಷೆ ಆಡಬೇಕೆಂಬ ವಿವೇಚನೆಯೇ ತಪ್ಪಿ, ಮಲಯಾಳಿಯ ಮುಂದೆ ತುಳುವೂ ಮೊಮ್ಮಗನ ಮುಂದೆ ಮಲಯಾಳವೂ ಬರುವುದುಂಟು. ಹೈದರಾಬಾದಿನ ಒಂದು ಚಿಕಿತ್ಸಾಲಯದಲ್ಲಿ 648 ಡಿಮೆನ್ಶಿಯಾ ರೋಗಿಗಳನ್ನು ನೋಡಿ ಸುವರ್ಣಾ ಅಲ್ಲಾಡಿ ಮತ್ತು ಸಂಗಡಿಗರು 2013ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಎರಡು ಭಾಷೆ ಬಲ್ಲವರಿಗೆ ಒಂದೇ ಭಾಷೆಯವರಿಗಿಂತ ಸರಾಸರಿ ನಾಲ್ಕೂವರೆ ವರ್ಷ ತಡವಾಗಿ ಕಾಯಿಲೆ ಕಾಣಿಸಿಕೊಂಡಿತ್ತು. ಶಾಲೆಯ ಮೆಟ್ಟಿಲು ಹತ್ತದವರಲ್ಲೂ ಈ ವ್ಯತ್ಯಾಸ ಕಂಡಿತು. ಬೇರೆ ಕಡೆಯ ಕೆಲವು ಅಧ್ಯಯನಗಳು ಇದನ್ನು ಒಪ್ಪಿಲ್ಲ. ಒಪ್ಪಿದರೂ ಬಿಟ್ಟರೂ ನನ್ನ ವಾದಕ್ಕೆ ಬಾಧೆಯಿಲ್ಲ. ಮೂರು ನಾಲ್ಕು ಭಾಷೆಗಳ ನಡುವೆ ಬಾಳಿದ ನಮ್ಮ ಹಿರಿಯರಿಗೆ ಕಾಯಿಲೆ ತಡವಾಗಿ ಬಂದರೂ, ಬಂದ ದಿನ ಯಾವ ಭಾಷೆಯಲ್ಲಿ ಮಾತಾಡಿಸಬೇಕೆಂಬ ಪ್ರಶ್ನೆ ಹಾಗೆಯೇ ಉಳಿಯುತ್ತದೆ.

ಎರಡನೆಯ ಹಂತಕ್ಕೆ ಬರೋಣ. ಸಾಮಾನ್ಯವಾಗಿ ಇದೇ ಎಲ್ಲಕ್ಕಿಂತ ದೀರ್ಘವಾದದ್ದು. ಸಂಜೆಯಾದರೆ ‘ಮನೆಗೆ ಹೋಗಬೇಕು’ ಎಂಬ ಹಟ, ಇದೇ ಮನೆಯೆಂದರೆ ನಂಬಿಕೆಯಿಲ್ಲ. ಹಣ ಕದ್ದರೆಂಬ ದೂರು, ಅದೂ ಹೆಚ್ಚಾಗಿ ಸೊಸೆಯ ಮೇಲೆಯೇ. ರಾತ್ರಿ ನಿದ್ದೆಯಿಲ್ಲ. ಸ್ನಾನಕ್ಕೆ ಜಗಳ. ಮಗಳನ್ನು ತಾಯಿಯೆಂದು ಕರೆಯುವುದು. ಈ ಹಂತ ಸಿನಿಮಾದಲ್ಲಿ ಬಂದಿದೆ. ಬ್ಲೆಸ್ಸಿ ನಿರ್ದೇಶಿಸಿ ಮೋಹನಲಾಲ್ ಅಭಿನಯಿಸಿದ ಮಲಯಾಳದ ‘ತನ್ಮಾತ್ರ’ 2005ರದ್ದು. ಅನಂತನಾಗ್ ಅಭಿನಯಿಸಿದ ಕನ್ನಡದ ‘ಗೋಧಿ ಬಣ್ಣ ಸಾಧಾರಣ ಮೈಕಟ್ಟು’ 2016ರದ್ದು. ಎರಡನ್ನೂ ನೋಡಿ ನಾವು ಅತ್ತೆವು. ಅತ್ತದ್ದು ಒಳ್ಳೆಯದೇ. ಆದರೆ ಎರಡೂವರೆ ಗಂಟೆಯ ಕಣ್ಣೀರಿಗೂ ಆರು ವರ್ಷದ ರಾತ್ರಿಗಳಿಗೂ ಅಂತರವಿದೆ. ಆ ರಾತ್ರಿಗಳನ್ನು ಕಳೆಯುವವರು ಯಾರು? ಮಗ ಕೊಲ್ಲಿಯಲ್ಲಿ, ಇಲ್ಲವೇ ಬೆಂಗಳೂರಿನಲ್ಲಿ. ಮನೆಯಲ್ಲಿರುವುದು ಸೊಸೆ, ಮದುವೆಯಾಗದ ಮಗಳು, ಇಲ್ಲವೇ ತಾನೂ ಎಪ್ಪತ್ತೈದು ದಾಟಿದ ಹೆಂಡತಿ. ‘ಮಾತೃದೇವೋ ಭವ’ ಎಂದು ಉಪನ್ಯಾಸ ಮಾಡುವ ಗಂಡಸರಲ್ಲಿ ಹಾಸಿಗೆಯ ಬಟ್ಟೆ ಬದಲಾಯಿಸಿದವರ ಲೆಕ್ಕ ತೆಗೆದರೆ ಬೆರಳುಗಳು ಉಳಿಯುತ್ತವೆ.

ಈ ಹಂತದಲ್ಲಿ ಮನೆಯವರು ಕಂಗಾಲಾಗಿ ಕೇಳುವುದು ಒಂದೇ: ‘ಮಲಗಿಸುವ ಮಾತ್ರೆ ಕೊಡಿ.’ ತೀವ್ರ ಉದ್ರೇಕಕ್ಕೆ ಕೊಡುವ ಕೆಲವು ಮನೋರೋಗದ ಔಷಧಿಗಳು ಡಿಮೆನ್ಶಿಯಾ ಇರುವ ವೃದ್ಧರಲ್ಲಿ ಸಾವಿನ ಅಪಾಯವನ್ನು ಹೆಚ್ಚಿಸುತ್ತವೆಂದು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2005ರಲ್ಲಿಯೇ ಎಚ್ಚರಿಸಿದೆ. ಬೇರೆ ದಾರಿ ಇಲ್ಲದಾಗ, ವೈದ್ಯರ ಕಣ್ಣಳತೆಯಲ್ಲಿ, ಸ್ವಲ್ಪ ಕಾಲಕ್ಕೆ ಮಾತ್ರ ಅವು. ಸಿಟ್ಟಿನ ಹಿಂದೆ ಹಲವು ಸಲ ಹೇಳಲಾಗದ ಒಂದು ಕಾರಣವಿರುತ್ತದೆ: ಹಲ್ಲುನೋವು, ಮಲಬದ್ಧತೆ, ಮೂತ್ರದ ಸೋಂಕು, ಹಸಿವು, ಹೆದರಿಕೆ. ಹೇಳಿದರೂ ತಿಳಿಯದಿದ್ದರೆ?

ಹೋಂ ನರ್ಸ್ ವಿಷಯ ಇಲ್ಲಿ ಬರುತ್ತದೆ. ದೂರದ ಜಿಲ್ಲೆಯಿಂದ ಬಂದು ಯಾರದೋ ತಾಯಿಯನ್ನು ರಾತ್ರಿ ಹಗಲು ನೋಡುವ ಆ ಹೆಂಗಸರ ಬಗ್ಗೆ ನನಗೆ ಗೌರವವಿದೆ. ಆದರೆ ಅಜ್ಜಿ ತುಳುವಿನಲ್ಲಿ ‘ಬಡವಾಪುಂಡು’ ಎಂದರೆ ಹಸಿವು ಎಂದು ಆಕೆಗೆ ಹೇಳಿಕೊಟ್ಟವರು ಯಾರು? ‘ಬೇನೆ’ ಎಂದರೆ ನೋವು, ‘ಪೋಡಿಗೆ’ ಎಂದರೆ ಹೆದರಿಕೆ ಎಂದು ತಿಳಿಸಿದವರು ಯಾರು? ಹಸಿದ ಅಜ್ಜಿ ಮೂರು ಸಲ ಹೇಳಿ, ನಾಲ್ಕನೆಯ ಸಲ ಕಿರುಚಿ, ಐದನೆಯ ಸಲ ಲೋಟ ಎಸೆದರೆ ‘ಉಪದ್ರ ಜಾಸ್ತಿಯಾಗಿದೆ’ ಎಂದು ಮಾತ್ರೆ ಏರುತ್ತದೆ. ಇದರ ತಿರುಗುಮುರುಗೂ ಅಷ್ಟೇ ನಿಜ. ಮಗನ ಮನೆಗೆಂದು ಮಂಗಳೂರಿಗೋ ಬೆಂಗಳೂರಿಗೋ ಹೋದ ಮಲಯಾಳದ ಅಮ್ಮ ‘ವಿಶಕ್ಕುನ್ನು’ ಎಂದಾಗ ಅಲ್ಲಿನ ಕನ್ನಡದ ದಾದಿಗೂ ತಿಳಿಯುವುದಿಲ್ಲ. ಹಸಿವಿಗೆ ರಾಜ್ಯಭಾಷೆ ಇಲ್ಲ.

ಮೂರನೆಯ ಹಂತದಲ್ಲಿ ಮಾತು ಹತ್ತು ಹನ್ನೆರಡು ಶಬ್ದಗಳಿಗೆ, ಆಮೇಲೆ ಒಂದೆರಡಕ್ಕೆ ಇಳಿಯುತ್ತದೆ. ನಡಿಗೆ ಹೋಗುತ್ತದೆ, ಕೂರುವುದು ಹೋಗುತ್ತದೆ, ನಗು ಹೋಗುತ್ತದೆ. ನುಂಗುವಾಗ ಆಹಾರ ಶ್ವಾಸಕೋಶಕ್ಕೆ ಇಳಿದು ನ್ಯುಮೋನಿಯಾ ಆಗಿ ಸಾಯುವವರು ಬಹಳ ಮಂದಿ. ಜನ ಇದನ್ನು ‘ಎರಡನೆಯ ಬಾಲ್ಯ’ ಎನ್ನುತ್ತಾರೆ. ಮಗುವಿನಂತೆ ಆಗಿದ್ದಾರೆಂದು ಹೇಳಿ ಮಗುವಿನಂತೆ ಗದರುತ್ತಾರೆ, ಬಂದವರೆದುರು ಬಟ್ಟೆ ಬಿಚ್ಚುತ್ತಾರೆ. ಈ ಹೋಲಿಕೆಯೂ ನನಗೆ ಒಪ್ಪಿಗೆಯಿಲ್ಲ. ಎಂಬತ್ತು ವರ್ಷ ಮಾನದಿಂದ ಬಾಳಿದವರ ನಾಚಿಕೆ ಅವರ ನೆನಪಿನೊಡನೆ ಹೋಗುವುದಿಲ್ಲ. ಹೆಸರು ಮರೆತವರು ಕೂಡ ದನಿಯ ಮೃದುತ್ವವನ್ನೂ ಒರಟುತನವನ್ನೂ ಗುರುತಿಸುತ್ತಾರೆ.

ಈ ಹಂತದಲ್ಲಿ ಮೂಗಿಗೆ ಕೊಳವೆ ಹಾಕಿ ಉಣಿಸುವುದರಿಂದ ಆಯುಷ್ಯ ಹೆಚ್ಚುವುದಿಲ್ಲ, ನ್ಯುಮೋನಿಯಾ ತಪ್ಪುವುದಿಲ್ಲ. ಚಮಚದಲ್ಲಿ ಸ್ವಲ್ಪ ಸ್ವಲ್ಪವೇ, ತಾಳ್ಮೆಯಿಂದ ಕೈಯಾರೆ ಉಣಿಸುವುದೇ ಮೇಲೆಂದು ಅಮೆರಿಕದ ವೃದ್ಧಚಿಕಿತ್ಸಾ ತಜ್ಞರ ಸಂಘ 2014ರಲ್ಲಿ ಹೇಳಿತು. ಮೆತ್ತಗೆ ಬೇಯಿಸಿದ ಕುಚ್ಚಲಕ್ಕಿ ಗಂಜಿಯ ಬಟ್ಟಲು ಹಿಡಿದು ಒಂದು ಗಂಟೆ ಕೂರುವುದು ಚಿಕಿತ್ಸೆಯೇ. ಆ ಒಂದು ಗಂಟೆ ಯಾರಲ್ಲಿದೆ ಎಂಬುದು ಪ್ರಶ್ನೆ.

ಈ ಪ್ರಶ್ನೆಗೆ ಉತ್ತರದ ಒಂದು ಭಾಗ ಕೇರಳದಲ್ಲೇ ಇದೆ, ಅದನ್ನು ಒಪ್ಪಿಕೊಳ್ಳದೆ ಇರುವುದು ಕೃತಘ್ನತೆ. 1992ರಲ್ಲಿ ಭಾರತದ ಆಲ್ಜೈಮರ್ ಸಂಘ ಹುಟ್ಟಿದ್ದು ಕೊಚ್ಚಿಯಲ್ಲಿ. ಹಳ್ಳಿಯ ಮನೆ ಮನೆಗೆ ಹೋಗಿ ಡಿಮೆನ್ಶಿಯಾ ಎಷ್ಟಿದೆಯೆಂದು ನೋಡಿದ ನಮ್ಮ ದೇಶದ ಆರಂಭದ ಅಧ್ಯಯನಗಳಲ್ಲಿ ಕೇರಳದ್ದೂ ಒಂದು, 1996ರಲ್ಲಿ ಪ್ರಕಟವಾದದ್ದು. 1993ರಲ್ಲಿ ಕೋಝಿಕ್ಕೋಡಿನಲ್ಲಿ ಆರಂಭವಾದ ಉಪಶಾಮಕ ಚಿಕಿತ್ಸೆಯ ಚಳುವಳಿ ಪಂಚಾಯತುಗಳವರೆಗೆ ಬೆಳೆಯಿತು, 2008ರಲ್ಲಿ ಸರಕಾರದ ನೀತಿಯಾಯಿತು. ಮನೆಗೇ ಬಂದು ಹಾಸಿಗೆ ಹುಣ್ಣನ್ನು ತೊಳೆಯುವ ನರ್ಸ್ ಈ ದೇಶದ ಬಹಳ ಊರುಗಳಲ್ಲಿ ಇಲ್ಲ, ನಮ್ಮಲ್ಲಿದ್ದಾರೆ. ಗಡಿಯಾಚೆಯ ಕನ್ನಡಿಗರು ಇದನ್ನು ಕಂಡು ಕಲಿಯಬೇಕು. ಇಷ್ಟು ಒಳ್ಳೆಯ ವ್ಯವಸ್ಥೆ, ಚಂದ್ರಗಿರಿ ದಾಟಿ ಬಡಗಿಗೆ ಬಂದಾಗ ಭಾಷೆಯ ಹೊಸ್ತಿಲಲ್ಲಿ ಎಡವುವುದೇಕೆ ಎಂಬುದಷ್ಟೇ ನನ್ನ ತಕರಾರು.

‘ಮಂಗಳೂರಿಗೆ ಹೋದರಾಯಿತಲ್ಲ, ಅಲ್ಲಿ ಕನ್ನಡ ತುಳು ಎರಡೂ ನಡೆಯುತ್ತದೆ’ ಎನ್ನುವವರಿದ್ದಾರೆ. 2020ರ ಮಾರ್ಚಿನಲ್ಲಿ ಗಡಿಯ ರಸ್ತೆಗಳಿಗೆ ಮಣ್ಣು ಸುರಿದಾಗ, ಮಂಗಳೂರಿನ ಆಸ್ಪತ್ರೆ ತಲುಪಲಾಗದೆ ಈಚೆ ಕಡೆಯ ರೋಗಿಗಳು ಸತ್ತದ್ದನ್ನು ಅವರು ಇಷ್ಟು ಬೇಗ ಮರೆತರೇ? ಆ ಮರೆವಿಗೆ ಯಾವ ಪ್ರೋಟೀನೂ ಕಾರಣವಲ್ಲ. ಅಲ್ಲದೆ ಡಿಮೆನ್ಶಿಯಾ ಒಂದು ದಿನ ಹೋಗಿ ಆಪರೇಷನ್ ಮಾಡಿಸಿ ಬರುವ ಕಾಯಿಲೆಯಲ್ಲ. ಎಂಟು ವರ್ಷದ ಕಾಯಿಲೆಗೆ ಕಾಲ್ನಡಿಗೆಯ ದೂರದ ಸಹಾಯ ಬೇಕು.

‘ಗುಣವಾಗದ ಕಾಯಿಲೆಯನ್ನು ಮೊದಲೇ ತಿಳಿದು ಏನಾಗಬೇಕು?’ ಇದು ಇನ್ನೊಂದು ವಾದ, ಎಲ್ಲಕ್ಕಿಂತ ಬಲವಾದದ್ದು. ನಿಜ, ಹಿಂದಕ್ಕೆ ತರುವ ಔಷಧಿಯಿಲ್ಲ. 1996ರಿಂದ ಇರುವ ಡೊನೆಪೆಜಿಲ್ ಕೆಲವರಿಗೆ ಸ್ವಲ್ಪ ಕಾಲ ನೆರವಾಗುತ್ತದೆ. 2023ರ ಬಳಿಕ ಅಮೆರಿಕದಲ್ಲಿ ಪೂರ್ಣ ಒಪ್ಪಿಗೆ ಪಡೆದ ಹೊಸ ಔಷಧಿಗಳು ಇಳಿಜಾರನ್ನು ತುಸು ನಿಧಾನ ಮಾಡುತ್ತವೆ, ಅದೂ ಆರಂಭದ ಹಂತದಲ್ಲಿ ಮಾತ್ರ. ಬೆಲೆ ನಮ್ಮ ತೋಟದ ಬೆಲೆ. ಆದರೆ ಮೊದಲೇ ತಿಳಿದರೆ ಗುಣವಾಗಬಲ್ಲ ಕಾರಣಗಳನ್ನು ಬೇರ್ಪಡಿಸಬಹುದು, ರಕ್ತದೊತ್ತಡ ಸಕ್ಕರೆಗಳನ್ನು ಹಿಡಿತದಲ್ಲಿಟ್ಟು ಮುಂದಿನ ಮೆಟ್ಟಿಲನ್ನು ತಡೆಯಲು ನೋಡಬಹುದು, ಕಿವಿ ಕೇಳಿಸುವ ಯಂತ್ರ ಹಾಕಿಸಬಹುದು. ಡಿಮೆನ್ಶಿಯಾದ ಸುಮಾರು 45 ಶೇಕಡ ಭಾಗ, ಬದುಕಿನುದ್ದಕ್ಕೂ ಬದಲಾಯಿಸಬಹುದಾದ ಹದಿನಾಲ್ಕು ಕಾರಣಗಳಿಗೆ ಸಂಬಂಧಪಟ್ಟದ್ದೆಂದು ಲ್ಯಾನ್ಸೆಟ್ ಆಯೋಗ 2024ರಲ್ಲಿ ಅಂದಾಜು ಮಾಡಿದೆ. ಕಿವುಡು, ಮಂದದೃಷ್ಟಿ, ಒಂಟಿತನ, ಕಡಿಮೆ ಶಿಕ್ಷಣ ಎಲ್ಲ ಆ ಪಟ್ಟಿಯಲ್ಲಿವೆ. ಇದೆಲ್ಲಕ್ಕಿಂತ ದೊಡ್ಡ ಲಾಭ, ಮುಂದಿನ ವರ್ಷಗಳು ಹೇಗಿರಬೇಕೆಂದು ಆ ವ್ಯಕ್ತಿಯೇ ಹೇಳಬಹುದು. ಗುಣವಾಗುವುದಿಲ್ಲ ಎಂಬ ಕಾರಣಕ್ಕೆ ಕೇಳದೆ ಇರುವುದಾದರೆ ಮುಪ್ಪನ್ನೂ ಮರಣವನ್ನೂ ಯಾರೂ ಮಾತಾಡಲೇಬಾರದು.

ಬರಿಯ ಬೈಗುಳದಿಂದ ಲೇಖನ ಮುಗಿಸುವುದು ಸುಲಭ. ಆದ್ದರಿಂದ ಆಗಬೇಕಾದದ್ದನ್ನು ಹೇಳುತ್ತೇನೆ. ಒಂದು: ಮಂಜೇಶ್ವರ, ಕಾಸರಗೋಡು ತಾಲೂಕುಗಳ ಸರಕಾರಿ ಆಸ್ಪತ್ರೆಗಳಲ್ಲಿ ನೆನಪಿನ ತಪಾಸಣೆಯ ಚೀಟಿಯ ಮೊದಲ ಸಾಲು ‘ಮನೆಮಾತು’ ಎಂದಿರಲಿ, ಕನ್ನಡದ ಪರೀಕ್ಷಾಮಾಲೆ ಮಲಯಾಳದ್ದರ ಪಕ್ಕದಲ್ಲೇ ಇರಲಿ. ಎರಡು: ಕುಂಬಳೆ, ಬದಿಯಡ್ಕ, ಎಣ್ಮಕಜೆಯ ಆಶಾ ಕಾರ್ಯಕರ್ತೆಯರಿಗೆ ಊರಿನ ಮಾತು ಗೊತ್ತು, ಮನೆಗಳೂ ಗೊತ್ತು; ಮೊದಲ ಹಂತದ ಲಕ್ಷಣಗಳನ್ನು ಗುರುತಿಸುವ ತರಬೇತಿಯನ್ನೂ ಆ ಹೆಚ್ಚಿನ ಕೆಲಸಕ್ಕೆ ಹೆಚ್ಚಿನ ಸಂಬಳವನ್ನೂ ಅವರಿಗೆ ಕೊಡಲಿ. ಮೂರು: ರೋಗಿಯನ್ನು ನೋಡಿಕೊಳ್ಳುವ ಹೆಂಗಸಿಗೆ ವಾರಕ್ಕೊಂದು ದಿನ ಬಿಡುವು ಸಿಗುವಂತೆ ಪಂಚಾಯತಿನಲ್ಲೊಂದು ಹಗಲಿನ ಆರೈಕೆ ಕೇಂದ್ರವಾಗಲಿ. ಖಾಲಿ ಬಿದ್ದ ಕಟ್ಟಡಗಳಿಗೆ ನಮ್ಮಲ್ಲಿ ಬರವಿಲ್ಲ.

ನಾಲ್ಕನೆಯದು ಸರಕಾರದ ಕೆಲಸವಲ್ಲ, ಬರೆಯುವವರದ್ದು. ಹಸಿವು, ನೀರು, ನೋವು, ಚಳಿ, ಮೂತ್ರ, ಹೆದರಿಕೆ, ಸಾಕು, ಬೇಡ, ಮನೆ, ಅಮ್ಮ—ಇಂಥ ಇಪ್ಪತ್ತೈದು ಶಬ್ದಗಳನ್ನು ಕನ್ನಡ, ತುಳು, ಮಲಯಾಳ, ಬ್ಯಾರಿ, ಕೊಂಕಣಿಗಳಲ್ಲಿ ಎರಡೂ ಲಿಪಿಯಲ್ಲಿ ಒಂದೇ ಹಾಳೆಯ ಮೇಲೆ ಅಚ್ಚು ಹಾಕಿಸಿ, ಮುದುಕರು ಮಲಗಿರುವ ಪ್ರತಿ ಮನೆಯ ಗೋಡೆಗೆ ಅಂಟಿಸಬೇಕು. ಎರಡು ಭಾಷೆಗಳಲ್ಲಿ ಕವಿತೆ ಅಚ್ಚು ಹಾಕುವ ವಾರ್ಷಿಕಕ್ಕೆ ಇದು ಅಸಾಧ್ಯವೇ? ಸಂಪಾದಕರು ಮುಂದಿನ ಸಂಚಿಕೆಯಲ್ಲಿ ಒಂದು ಪುಟ ಬಿಟ್ಟುಕೊಡಲಿ. ತುಳುವಿನ ಶಬ್ದಗಳನ್ನು ನಾನು ಬರೆದು ಕಳುಹಿಸುತ್ತೇನೆ. ಉಳಿದ ಭಾಷೆಗಳವರು ತಮ್ಮ ತಮ್ಮದನ್ನು ಕಳುಹಿಸಲಿ.